ನಲವತ್ತು ವೈದ್ಯರು, ಒಂದು ಮಣಿಕಟ್ಟು

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಡಾಕ್ಟರ್ ಚಿ ಸುಯುನ್. ಹೇಳಿದ್ದು 2012ರ ಡಿಸೆಂಬರಿನಲ್ಲಿ, ವರ್ಷದ ಅತಿ ಚಿಕ್ಕ ಹಗಲಿನ ದಿನ, ಕಾನ್ಸು ಪ್ರಾಂತದ ನಮ್ಮ ತಾಲ್ಲೂಕು ಆಸ್ಪತ್ರೆಯ ಬೇರು ಒಣಗಿಸುವ ಕೋಣೆಯಲ್ಲಿ. ಅವರ ಕೈಕೆಳಗೆ ಕಲಿಯುತ್ತಿದ್ದ ನಾವು ಏಳು ಜನ ಒಲೆಯ ಸುತ್ತ ಕೂತು ಆ ದಿನಕ್ಕೆಂದೇ ಮಾಡುವ ಕುರಿಮಾಂಸದ ಕಡುಬು ತಿನ್ನುತ್ತಿದ್ದೆವು. ಹೇಳಿದರು ಎಂದರೂ ಓದಿದರು ಎನ್ನುವುದೇ ಸರಿ. ತಾವು ಗುರುಗಳಿಗೆ ಬರೆದ ಕಾಗದಗಳು, ಗುರುಗಳು ತಮಗೆ ಬರೆದ ಕಾಗದಗಳು, ಎರಡನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟುಕೊಂಡಿದ್ದರು. ನಾನು ಅವನ್ನು ಇದ್ದ ಹಾಗೆಯೇ ಕೊಡುತ್ತೇನೆ. ಗುರುಗಳ ಹೆಸರು ಫಾನ್ ಶೌರೆನ್. ಊರು ದೂರದ ಆನ್‌ಹ್ವೇ ಪ್ರಾಂತದ ಶಿಕೌ. ಈ ಕಾಗದಗಳ ಕಾಲಕ್ಕೆ ಅವರಿಗೆ ಎಪ್ಪತ್ತನಾಲ್ಕು, ನಮ್ಮ ಡಾಕ್ಟರಿಗೆ ಇಪ್ಪತ್ತೊಂಬತ್ತು.

*

ಶಾಂಗ್‌ಪಿಂಗ್ ಆರೋಗ್ಯ ಕೇಂದ್ರ
9 ಅಕ್ಟೋಬರ್ 2006

ಪೂಜ್ಯ ಗುರುಗಳಿಗೆ ಸುಯುನ್ ಮಾಡುವ ನಮಸ್ಕಾರಗಳು.

ಇಲ್ಲಿ ದಾಂಗ್‌ಗ್ವೀ ಎಂಬ ಔಷಧಿ ಬೇರು ಕೀಳುವ ಕಾಲ. ಊರಿಗೆ ಊರೇ ಬೆಟ್ಟದ ಮೇಲಿದೆ. ಕೇಂದ್ರಕ್ಕೆ ಬರುವವರೆಲ್ಲ ಸೊಂಟ ನೋವು, ಗುದ್ದಲಿ ತಾಗಿದ ಕಾಲು. ಔಷಧಿ ಕಪಾಟಿನ ಬಾಗಿಲು ಸರಿಮಾಡಿಸಿದ್ದೇನೆ. ಇಲಿ ಒಳಗೆ ನುಗ್ಗಿ ಜ್ಯೇಷ್ಠಮಧುವನ್ನು ಮಾತ್ರ ತಿಂದು ಹೋಗಿತ್ತು. ಅದಕ್ಕೂ ನಾಲಿಗೆಯ ರುಚಿ ಗೊತ್ತು ನೋಡಿ.

ಒಂದು ಪ್ರಶ್ನೆ. ಯಾರೋ ಒಬ್ಬ ರೋಗಿಯ ನಾಡಿ ಎಷ್ಟು ಒತ್ತಿದರೂ ಸಿಗುವುದಿಲ್ಲ ಎಂದುಕೊಳ್ಳಿ. ಎರಡೂ ಕೈಯಲ್ಲಿ. ಸಿಕ್ಕರೂ ನೂಲಿನ ಎಳೆಯಂತೆ ಸಿಕ್ಕಿ ಜಾರುತ್ತದೆ. ಎಷ್ಟು ಆಳಕ್ಕೆ ಒತ್ತಬೇಕು? ಸುಮ್ಮನೆ ಕೇಳುತ್ತಿದ್ದೇನೆ. ಹಳೆಯ ಟಿಪ್ಪಣಿ ಓದುವಾಗ ಬಂದ ಅನುಮಾನ.

ಮೈಸುಯ್ ಓದು ಹೇಗೆ ನಡೆದಿದೆ? ನಿಮ್ಮ ಮೊಮ್ಮಗಳಿಗೆ ಇಲ್ಲಿಯ ಒಣ ಏಪ್ರಿಕಾಟ್ ಕಳಿಸಿದ್ದೇನೆ.

ನಿಮ್ಮ ಶಿಷ್ಯೆ,
ಸುಯುನ್

*

ಶಿಕೌ
24 ಅಕ್ಟೋಬರ್ 2006

ಮಗಳೇ ಸುಯುನ್,

ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಕನ್ನಡಕ ಒಡೆದಿದೆ. ನಾನು ಹೇಳುತ್ತೇನೆ, ಮೈಸುಯ್ ಬರೆಯುತ್ತಾಳೆ. ಬಾಯಲ್ಲಿ ನಿನ್ನ ಏಪ್ರಿಕಾಟ್ ಇರುವುದರಿಂದ ಈಗ ಎದುರು ಮಾತಾಡುತ್ತಿಲ್ಲ.

ನಿನ್ನ ಪ್ರಶ್ನೆ ಚೆನ್ನಾಗಿದೆ. ಹಿರಿಯರು ಕಾಳಿನ ಲೆಕ್ಕ ಹೇಳಿದ್ದಾರೆ. ಬೆರಳಿನ ಮೇಲೆ ಮೂರು ಕಾಳಿನಷ್ಟು ಭಾರ ಬಿಟ್ಟರೆ ಚರ್ಮ, ಆರು ಕಾಳು ಬಿಟ್ಟರೆ ರಕ್ತ, ಹಾಗೇ ಇಳಿಯುತ್ತಾ ಹದಿನೈದು ಕಾಳಿನ ಭಾರಕ್ಕೆ ಮೂಳೆ. ಮೂಳೆ ಮುಟ್ಟಿದ ಮೇಲೂ ಸಿಗದ ನಾಡಿ ಆರಿಹೋಗುವ ದೀಪದ ನಾಡಿ. ಅಂಥವರಿಗೆ ಒಳಗಿನ ಬೆಂಕಿಯನ್ನು ಊದಿ ಎಬ್ಬಿಸಬೇಕು. ತಡ ಮಾಡುವಂತಿಲ್ಲ.

ಒಂದು ಹೊಸ ವಿಷಯ ಕೇಳಿದೆ. ಈಗ ಕಂಪ್ಯೂಟರಿನಲ್ಲಿ ವೈದ್ಯರ ಕಟ್ಟೆಗಳಿವೆಯಂತೆ. ಒಬ್ಬ ರೋಗಿಯ ಸುತ್ತ ನಲವತ್ತು ವೈದ್ಯರು ಕೂತು ಮಾತಾಡುತ್ತಾರಂತೆ, ಒಬ್ಬರ ಮುಖ ಒಬ್ಬರಿಗೆ ಕಾಣದೆ! ನಮ್ಮ ಕಾಲದಲ್ಲಿ ಇಬ್ಬರು ವೈದ್ಯರು ಒಂದು ಮನೆಗೆ ಬಂದರೆ ಮೂರನೆಯವನು ಬಂದು ಜಗಳ ಬಿಡಿಸಬೇಕಿತ್ತು. ನಿಮ್ಮ ಬೆಟ್ಟದಲ್ಲಿ ಆ ಯಂತ್ರ ಇದೆಯೇ? ನೀನೂ ಅಲ್ಲಿಗೆ ಹೋಗುವುದುಂಟೋ?

ಹಿತ್ತಿಲಲ್ಲಿ ಸೇವಂತಿಗೆ ಬಿಟ್ಟಿದೆ. ಈ ವರ್ಷ ಬಿಡಿಸಿದವಳು ಮೈಸುಯ್. ನಾನು ಕೂತು ನೋಡಿದೆ.

ಫಾನ್ ಶೌರೆನ್

*

ಶಾಂಗ್‌ಪಿಂಗ್
8 ನವೆಂಬರ್ 2006

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಿಮ್ಮ ಕಾಗದದ ಚುಚ್ಚು ಅರ್ಥವಾಯಿತು. ಮೂರು ವರ್ಷ ನಿಮ್ಮ ಬೆಂಚಿನ ತುದಿಯಲ್ಲಿ ಕೂತು ಕಲಿತವಳು ನಾನು. ಮುಖ ಕಾಣದ ನಲವತ್ತು ಜನರ ಹತ್ತಿರ ಮದ್ದು ಕೇಳುತ್ತೇನೆಯೇ? ನಮ್ಮ ಊರಿನಲ್ಲಿ ಆ ಯಂತ್ರ ಇಲ್ಲ. ತಾಲ್ಲೂಕಿನಲ್ಲಿದೆ, ಬಸ್ಸಿನಲ್ಲಿ ಎರಡೂವರೆ ಗಂಟೆ. ಔಷಧಿ ತರಲು ಗುರುವಾರ ಹೋಗುತ್ತೇನೆ, ಔಷಧಿ ತಂದು ಬರುತ್ತೇನೆ. ಅಷ್ಟೇ.

ಇಲ್ಲಿ ನನ್ನನ್ನು ಮನೆಮಗಳಂತೆ ನೋಡಿಕೊಳ್ಳುವ ತ್ಸೈಯೆ ಎಂಬುವಳ ಬಗ್ಗೆ ಹಿಂದೆ ಬರೆದಿದ್ದೆ. ಮೂವತ್ತೊಂಬತ್ತು ವರ್ಷದವಳು. ಮದುವೆಯಾಗಿ ಹತ್ತೊಂಬತ್ತು ವರ್ಷ, ಮಕ್ಕಳಿಲ್ಲ. ಸುತ್ತಮುತ್ತಲ ಎಲ್ಲ ವೈದ್ಯರ ಕಷಾಯವನ್ನೂ ಕುಡಿದು, ಹೋದ ವರ್ಷ ಮಡಕೆಯನ್ನೇ ಒಡೆದು ಹಾಕಿ, "ಇನ್ನು ಸಾಕು" ಎಂದಳಂತೆ. ಅವಳಿಗೆ ಈಗ ಮೈ ಸರಿಯಿಲ್ಲ. ನೋಡಿಕೊಳ್ಳುತ್ತಿದ್ದೇನೆ. ಅವಳ ಅತ್ತೆ, ಪಾಂಗ್ ಅಜ್ಜಿ, ದಿನಾ ಬಂದು ನನ್ನ ಮೇಜಿಗೆ ಕೋಲು ಕುಟ್ಟುತ್ತಾಳೆ: "ಡಾಕ್ಟ್ರಮ್ಮಾ, ಇವಳು ಹೋದ್ರೆ ನನ್ನ ಮಗ ಮೂರು ದಿನ ಬದುಕಲ್ಲ. ಅವನಿಗೆ ಸ್ವಂತ ಕಾಲುಚೀಲ ಎಲ್ಲಿದೆ ಅಂತಾನೂ ಗೊತ್ತಿಲ್ಲ." ನಗುತ್ತಲೇ ಹೇಳುತ್ತಾಳೆ. ಹೇಳಿದ ಮೇಲೆ ಎದ್ದು ಮಾತ್ರ ಹೋಗುವುದಿಲ್ಲ.

ನಿಮಗೆ ಈ ವರ್ಷದ ಬೇರು ಕಳಿಸಿದ್ದೇನೆ. ಮುರಿದು ನೋಡಿ ಹೇಗಿದೆ ಹೇಳಿ. ಕನ್ನಡಕ ಇನ್ನೂ ರಿಪೇರಿ ಆಗಲಿಲ್ಲವೇ?

ಸುಯುನ್

*

ಶಿಕೌ
20 ನವೆಂಬರ್ 2006

ಮಗಳೇ,

ಬೇರು ಬಂತು. ಘಮಘಮ ಎನ್ನುತ್ತಿದೆ. ಬಹಳ ಒಳ್ಳೆಯ ಬೇರು.

ನಾನು ಚುಚ್ಚಲಿಲ್ಲ. ನಿಜವಾಗಿ ಕೇಳಿದ್ದು. ನೀನು ಬೇಡವೆಂದ ಮೇಲೆ ಆ ಮಾತು ಬೇಡ.

ನಾನು ಗೆಲುವಾಗಿದ್ದೇನೆ. ಬೇಸಿಗೆಯಲ್ಲಿ ಸ್ವಲ್ಪ ಮಂಕಾಗಿದ್ದೆ, ನಿನಗೆ ಹೇಳಿರಲಿಲ್ಲ. ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದೇನೆ ಅನಿಸುತ್ತಿದೆ. ಮನೆಗೆ ಬರುವವರು ಕಡಿಮೆ. ಆದರೆ ಮನೆಗೆ ಬಾರದ ರೋಗಿಗಳೂ ಇರುತ್ತಾರಲ್ಲ! ಹೋದ ವಾರ ಒಬ್ಬ ಹೆಂಗಸಿನ ಜೀವ ಕೂದಲೆಳೆಯಲ್ಲಿ ನೇತಾಡುತ್ತಿತ್ತು. ಸುತ್ತ ಕೂತವರೆಲ್ಲ ಚಿಟಿಕೆ ಮದ್ದು ಹೇಳುತ್ತಿದ್ದರು. ನಾನು ಧೈರ್ಯವಾಗಿ ಹಿಡಿ ಮದ್ದು ಹೇಳಿದೆ. ಎಲ್ಲರೂ ಬಾಯಿ ಮುಚ್ಚಿದರು. ನಿನ್ನ ಗುರು ಇನ್ನೂ ಮುಗಿದಿಲ್ಲ ಕಣಮ್ಮಾ.

ತ್ಸೈಯೆಗೆ ಚೆನ್ನಾಗಿ ಆರೈಕೆ ಮಾಡು. ಕಾಲುಚೀಲದ ಯಜಮಾನನಿಗೂ ಸ್ವಲ್ಪ ಬೈದು ಬುದ್ಧಿ ಹೇಳು.

ಫಾನ್ ಶೌರೆನ್

*

ಶಾಂಗ್‌ಪಿಂಗ್
5 ಡಿಸೆಂಬರ್ 2006

ಪೂಜ್ಯ ಗುರುಗಳೇ,

ಈ ಕಾಗದವನ್ನು ಮೈಸುಯ್ ಓದಿ ಹೇಳುವುದಾದರೆ ಅವಳೆದುರಿಗೇ ನನ್ನ ಮಾನ ಹೋಗಲಿ. ನಾನು ನಿಮಗೆ ಸುಳ್ಳು ಹೇಳಿದ್ದೆ.

ನಾಡಿ ಸಿಗದ ರೋಗಿ ಟಿಪ್ಪಣಿಯಿಂದ ಬಂದವಳಲ್ಲ. ಅವಳೇ ತ್ಸೈಯೆ. ಸೆಪ್ಟೆಂಬರಿನಿಂದಲೇ ಸುಸ್ತು, ವಾಂತಿ, ಕೈಕಾಲು ತಣ್ಣಗೆ. ಇಳಿಜಾರು ಹತ್ತಿದರೆ ಏದುಸಿರು. ಹೊಟ್ಟೆಯಲ್ಲಿ ಗಾಳಿ ಓಡಾಡಿದ ಹಾಗಾಗುತ್ತದೆ ಎಂದಳು. ತಿಂಗಳ ಮುಟ್ಟು ಬಂದು ನಾಲ್ಕು ತಿಂಗಳು. ಆದರೆ ಅವಳಿಗೆ ಅದು ಮೊದಲಿನಿಂದಲೂ ಆರು ತಿಂಗಳಿಗೊಮ್ಮೆ, ಎಂಟು ತಿಂಗಳಿಗೊಮ್ಮೆ. ನಾನು ಆ ಕಡೆ ತಲೆಯನ್ನೇ ತಿರುಗಿಸಲಿಲ್ಲ. ಪುಟ್ಟ ದಿಂಬಿನ ಮೇಲೆ ಅವಳ ಕೈಯನ್ನು ಅಂಗೈ ಮೇಲಾಗಿ ಇಟ್ಟು ಮೂರು ಬೆರಳು ಒತ್ತಿದೆ. ಹದಿನೈದು ಕಾಳಲ್ಲ, ಹದಿನೈದು ಮೂಟೆ ಇಟ್ಟ ಹಾಗೆ ಒತ್ತಿದೆ. ಸಿಗಲಿಲ್ಲ.

ನಿಮಗೆ ಬರೆಯಲು ನಾಚಿಕೆಯಾಯಿತು. ಮೂರು ವರ್ಷ ಕಲಿಸಿದವರಿಗೆ "ನಾಡಿ ಸಿಗುತ್ತಿಲ್ಲ" ಎಂದು ಹೇಗೆ ಬರೆಯಲಿ? ಗುರುವಾರ ತಾಲ್ಲೂಕಿಗೆ ಹೋದಾಗ ವೈದ್ಯರ ಕಟ್ಟೆಯಲ್ಲಿ 'ಇಳಿಜಾರಿನ ಹುಲ್ಲು' ಎಂಬ ಹೆಸರಿನಲ್ಲಿ ಎಲ್ಲವನ್ನೂ ಬರೆದೆ. ಊರು ಹೇಳಲಿಲ್ಲ. ಶಾಲೆಯ ಮೇಷ್ಟ್ರ ಕ್ಯಾಮೆರಾದಲ್ಲಿ ತೆಗೆದ ನಾಲಿಗೆಯ ಫೋಟೊ ಹಾಕಿದೆ. ಮುಂದಿನ ಗುರುವಾರ ನೋಡಿದರೆ ನಲವತ್ತು ಉತ್ತರ! ನಾಲಿಗೆ ನೀಲಿ ತಿರುಗಿದೆ, ಒಳಗಿನ ಬೆಂಕಿ ಆರುತ್ತಿದೆ ಎಂದು ಮೂವತ್ತು ಜನ. ಹೊಟ್ಟೆಯ ಗಾಳಿ ಶೀತದ ಗುರುತು ಎಂದು ಉಳಿದವರು. ನಮ್ಮ ಕೇಂದ್ರದ ಕಿಟಕಿಗೆ ನೀಲಿ ಪ್ಲಾಸ್ಟಿಕ್ ಹೊದಿಸಿದೆ, ಆ ಬೆಳಕಿನಲ್ಲಿ ನನ್ನ ನಾಲಿಗೆಯೂ ನೀಲಿಯೇ, ಎಂದು ಅವರಿಗೇನು ಗೊತ್ತು? ನನಗೆ ಗೊತ್ತಿತ್ತು. ಆದರೆ ಮೂವತ್ತು ಜನ ನೀಲಿ ಎಂದಾಗ ನನಗೂ ಅದು ನೀಲಿಯಾಗಿಯೇ ಕಂಡಿತು.

ಅಲ್ಲಿ 'ಸವೆದ ಒರಳು' ಎಂಬ ಒಬ್ಬನಿದ್ದಾನೆ. ಎಲ್ಲರೂ ಅವನ ಮಾತಿಗೆ ತಲೆಬಾಗುತ್ತಾರೆ. ಅವನು ಬರೆದ: "ಚಿಟಿಕೆ ಮದ್ದಿನ ಕಾಲ ಮುಗಿಯಿತು. ವತ್ಸನಾಭಿ ಅರವತ್ತು ಗ್ರಾಂ. ಎರಡು ಗಂಟೆ ಕುದಿಸಿ ಕೊಡಿ. ತಡ ಮಾಡಿದರೆ ಹೆಣ ಹೊರಬೇಕಾದೀತು." ಅದರ ಕೆಳಗೆ ಯಾರೂ ಚಕಾರ ಎತ್ತಲಿಲ್ಲ.

ವಿಷದ ಬೇರು ಎಂದು ಗೊತ್ತಿದ್ದೂ ವತ್ಸನಾಭಿ ತರಿಸಿದೆ. ಪಾಂಗ್ ಅಜ್ಜಿಗೆ ಹೇಳಿದೆ, ನಲವತ್ತು ಜನ ದೊಡ್ಡ ವೈದ್ಯರು ಹೇಳಿದ್ದಾರೆ ಎಂದು. ಅಜ್ಜಿ ಕೇಳಿದಳು:

"ಅವರಲ್ಲಿ ಒಬ್ಬರಾದ್ರೂ ಇವಳ ಮುಖ ನೋಡಿದ್ದಾರಾ?"

"ಇಲ್ಲ ಅಜ್ಜಿ. ಬರೆದದ್ದನ್ನ ಓದಿದ್ದಾರೆ."

"ಹೋಗ್ಲಿ, ಅವರಲ್ಲಿ ಒಬ್ಬರಾದ್ರೂ ಹೆತ್ತವರಿದ್ದಾರಾ? ಇವಳು ಹುಳಿಗಂಜಿ ಕುಡಿಯೋದು ನೋಡಿದ್ರೆ ನಂಗೇನೋ ಅನುಮಾನ."

"ಈ ಊರಲ್ಲಿ ಹುಳಿಗಂಜಿ ಕುಡಿಯದವರು ಯಾರಿದ್ದಾರೆ ಅಜ್ಜಿ?" ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆ. ತ್ಸೈಯೆಯೂ ಮುಖ ತಿರುಗಿಸಿಕೊಂಡು, "ಸುಮ್ಮನಿರು ಅತ್ತೆ. ಹತ್ತೊಂಬತ್ತು ವರ್ಷದಿಂದ ಇದೇ ಅನುಮಾನ ನಿಂಗೆ" ಎಂದಳು.

ಕಟುವಾದ ಮದ್ದನ್ನು ವೈದ್ಯ ಮೊದಲು ತಾನು ಕುಡಿದು ನೋಡಬೇಕು ಎಂಬ ನಿಮ್ಮ ನಿಯಮವನ್ನು ನಾನು ಮುರಿಯಲಿಲ್ಲ. ಇಷ್ಟು ತಪ್ಪಿನ ನಡುವೆ ಇದೊಂದೇ ಸರಿ ಮಾಡಿದ್ದು. ನವೆಂಬರ್ 26ರ ಬೆಳಿಗ್ಗೆ, ವಿಷ ಇಳಿಯಲೆಂದು ಎರಡು ಗಂಟೆ ಕಾಲ ಕುದಿಸಿ, ಅರ್ಧ ಬಟ್ಟಲು ಕುಡಿದೆ. ಸ್ವಲ್ಪ ಹೊತ್ತಿಗೆ ತುಟಿ ಜುಮ್ಮೆಂದಿತು. ನಾಲಿಗೆ ದಪ್ಪವಾಯಿತು. ಎದೆ ಕುದುರೆಯ ಹಾಗೆ ಓಡಿತು. ಆಗ ಹೊಳೆಯಿತು: ಇದು ಎರಡೂವರೆ ಸಾವಿರ ಮೀಟರ್ ಎತ್ತರದ ಊರು. ಇಲ್ಲಿ ನೀರು ಪೂರ್ತಿ ಕಾಯುವ ಮೊದಲೇ ಕುದಿಯುತ್ತದೆ. ಪ್ರೆಷರ್ ಕುಕ್ಕರ್ ಇಲ್ಲದಿದ್ದರೆ ಆಲೂಗಡ್ಡೆಯೂ ಬೇಯುವುದಿಲ್ಲ. ಎರಡು ಗಂಟೆಗೆ ವತ್ಸನಾಭಿಯ ವಿಷ ಇಳಿಯುತ್ತದೆಯೇ? 'ನಿಮ್ಮೂರು ಎಷ್ಟು ಎತ್ತರ?' ಎಂದು ನಲವತ್ತರಲ್ಲಿ ಒಬ್ಬನೂ ಕೇಳಿರಲಿಲ್ಲ.

ಮದ್ದಿಗೆಂದು ಬಂದ ತ್ಸೈಯೆ, ನೆಲದ ಮೇಲೆ ಬಿದ್ದಿದ್ದ ನನ್ನನ್ನು ನೋಡಿದಳು. "ಅಯ್ಯೋ ನನ್ನವ್ವಾ, ರೋಗಿ ನಾನೋ ನೀನೋ?" ಎಂದು ಕೂಗಿ, ಗಂಡನನ್ನು ತಾಲ್ಲೂಕಿನ ಆ್ಯಂಬುಲೆನ್ಸಿಗೆ ಫೋನ್ ಮಾಡಲು ಓಡಿಸಿ, ನನ್ನನ್ನು ತೊಡೆಯ ಮೇಲೆ ಒರಗಿಸಿಕೊಂಡಳು. ವಿಷ ಇಳಿಸಲು ಹೆಸರುಕಾಳು, ಜ್ಯೇಷ್ಠಮಧು ಕುದಿಸಿದ ನೀರನ್ನು ಜೊತೆಗೆ ಬಂದಿದ್ದ ಪಾಂಗ್ ಅಜ್ಜಿ ಚಮಚೆಯಲ್ಲಿ ಹಾಕಿದಳು. ಭಯಕ್ಕೆ ನಾನು ತ್ಸೈಯೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ವೈದ್ಯರು ಹಿಡಿಯುವ ಹಾಗಲ್ಲ. ಮುಳುಗುವವರು ಹಿಡಿಯುವ ಹಾಗೆ, ಮೇಲಿನಿಂದ.

ಗುರುಗಳೇ, ನನ್ನ ಬೆರಳುಗಳು ಅವಳ ಮಣಿಕಟ್ಟಿನ ಹಿಂಬದಿಯಲ್ಲಿದ್ದವು. ಅಲ್ಲಿ ನಾಡಿ ಇತ್ತು. ಬತ್ತಿದ ನಾಡಿಯಲ್ಲ, ತುಂಬಿದ ನಾಡಿ. ನೀವು ಹೇಳುತ್ತಿದ್ದ ಹಾಗೆ ತಟ್ಟೆಯಲ್ಲಿ ಮುತ್ತು ಉರುಳಿದಂತೆ, ಒಂದರ ಹಿಂದೆ ಒಂದು. ಇನ್ನೊಂದು ಕೈ ಹಿಡಿದೆ. ಅಲ್ಲೂ ಹಾಗೆಯೇ.

ಕೆಲವರಿಗೆ ನಾಡಿ ಹುಟ್ಟಿನಿಂದಲೇ ಕೈಯ ಹಿಂಬದಿಯಲ್ಲಿ ಹರಿಯುತ್ತದೆ ಎಂದು ನೀವು ಕಲಿಸಿದ್ದಿರಿ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ತೆಗೆದುಕೊಂಡವಳು ನಾನು.

ತಾಲ್ಲೂಕು ಆಸ್ಪತ್ರೆಯಲ್ಲಿ ನನಗೆ ಎರಡು ದಿನ. ಮುತ್ತು ಉರುಳುವ ನಾಡಿ ಯಾರದೆಂದು ನೀವು ಕಲಿಸಿದ್ದು ನೆನಪಾಗಿ, ಜೊತೆಗೆ ಬಂದ ತ್ಸೈಯೆಗೆ ಅಲ್ಲೇ ಪರೀಕ್ಷೆ ಮಾಡಿಸಿದೆ. ಬಸುರಿ. ನಾಲ್ಕು ತಿಂಗಳು. ಹೊಟ್ಟೆಯಲ್ಲಿ ಓಡಾಡುತ್ತಿದ್ದದ್ದು ಗಾಳಿಯಲ್ಲ. ಅವಳಿಗೆ ಆ ಬಟ್ಟಲು ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಲು ಕೈ ಬರುತ್ತಿಲ್ಲ.

ಅಷ್ಟು ವರ್ಷ ಎಲ್ಲ ವೈದ್ಯರೂ ಅವಳ ಕೈ ಹಿಡಿದು 'ನಾಡಿ ಬತ್ತಿದೆ, ಶೀತ' ಎಂದು ಉರಿ ಮದ್ದು ಕುಡಿಸಿದರಂತೆ. ಕುಡಿಯುವುದು ಬಿಟ್ಟು ವರ್ಷ ತುಂಬುವುದರೊಳಗೆ ಬಸಿರಾಗಿದ್ದಾಳೆ. ಪಾಂಗ್ ಅಜ್ಜಿ ಆಸ್ಪತ್ರೆಯ ಪಡಸಾಲೆಯಲ್ಲಿ ಕೋಲು ಕುಟ್ಟುತ್ತಾ ಎಲ್ಲರಿಗೂ ಹೇಳುತ್ತಿದ್ದಳು: "ನಲವತ್ತು ಪಂಡಿತರು ಒಂದು ಕಡೆ, ನನ್ನ ಹುಳಿಗಂಜಿ ಒಂದು ಕಡೆ!"

ಆ 'ಸವೆದ ಒರಳು' ಯಾರೋ ನನಗೆ ತಿಳಿಯದು. ಹತ್ತು ರೋಗಿಗಳನ್ನೂ ಮುಟ್ಟಿ ನೋಡದ ಹುಂಬನಿರಬೇಕು. ಕೈ ತಿರುಗಿಸಿ ನೋಡಿದೆಯಾ ಎಂಬ ಒಂದು ಮಾತು, ಒಂದೇ ಒಂದು ಮಾತು ಕೇಳಬಾರದಿತ್ತೇ? ನೀವಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದಿರಿ.

ನನ್ನನ್ನು ಬೈಯಿರಿ. ಆದರೆ ಬೇಗ ಬರೆಯಿರಿ.

ಸುಯುನ್

*

ಶಾಂಗ್‌ಪಿಂಗ್
9 ಜನವರಿ 2007

ಪೂಜ್ಯ ಗುರುಗಳೇ,

ತಿಂಗಳಾಯಿತು, ನಿಮ್ಮ ಕಾಗದವಿಲ್ಲ. ನನ್ನ ಮೇಲೆ ಅಷ್ಟು ಕೋಪವೇ? ಬೈಗುಳವನ್ನಾದರೂ ಕಳಿಸಿ, ಅಂಚೆಯವನು ದಿನಾ ನನ್ನ ಮುಖ ನೋಡಿ ಅಯ್ಯೋ ಪಾಪ ಎನ್ನುತ್ತಾನೆ. ತ್ಸೈಯೆ ಚೆನ್ನಾಗಿದ್ದಾಳೆ. ವಾಂತಿ ನಿಂತಿದೆ. ಗಂಡ ಕಾಲುಚೀಲ ಹುಡುಕಲು ಕಲಿತಿದ್ದಾನೆ.

ಸುಯುನ್

*

ಶಿಕೌ
22 ಜನವರಿ 2007

ಸುಯುನ್,

ಕೋಳಿ ಕೆದರಿದ ಹಾಗಿರುವ ಈ ಅಕ್ಷರ ನನ್ನದು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಐದು ದಿನದಿಂದ ದಿನಕ್ಕಿಷ್ಟು ಬರೆದಿದ್ದೇನೆ. ಈ ಕಾಗದವನ್ನು ಮೈಸುಯ್ ಕೈಯಲ್ಲಿ ಬರೆಸಬಾರದು ಅನಿಸಿತು.

ಕನ್ನಡಕ ಒಡೆದಿಲ್ಲ. ಆಗಸ್ಟ್ ತಿಂಗಳಲ್ಲಿ ಲಕ್ವ ಹೊಡೆಯಿತು. ಕಾಲು ಉಳಿಯಿತು, ಮಾತು ಉಳಿಯಿತು, ಬಲಗೈ ಹೋಯಿತು. ಬಿಸಿನೀರಿಗೆ ಅದ್ದಿದರೂ ಗೊತ್ತಾಗುವುದಿಲ್ಲ. ನೀನು ಕಳಿಸಿದ ಬೇರನ್ನು ಮುರಿಯಲು ಆಗಲಿಲ್ಲ. ಅದಕ್ಕೇ ವಾಸನೆ ಚೆನ್ನಾಗಿದೆ ಎಂದೆ.

ಬಾಗಿಲಿಗೆ ಬಂದವರನ್ನು ಏನಾದರೊಂದು ನೆಪ ಹೇಳಿ ಕಳಿಸಿದೆ. ಎಡಗೈಯಲ್ಲಿ ಒಬ್ಬಿಬ್ಬರ ನಾಡಿ ಹಿಡಿದೆ. ಏನೂ ಹೇಳಲಿಲ್ಲ ಅದು. ಐವತ್ತು ವರ್ಷ ಶಾಲೆಗೆ ಹೋದದ್ದು ಬಲಗೈ. ಎಡಗೈ ಊಟದ ಬಟ್ಟಲು ಹಿಡಿದುಕೊಂಡು ಮನೆಯಲ್ಲೇ ಇತ್ತು. ಆಗ ಮೈಸುಯ್ ಕಂಪ್ಯೂಟರ್ ತೋರಿಸಿದಳು. ನಾನು ಹೇಳಿದೆ, ಅವಳು ಒತ್ತಿದಳು. ಮುಟ್ಟದೆಯೇ ವೈದ್ಯನಾಗಿ ಉಳಿಯಬಹುದು ಎಂಬ ಆಸೆ ಹುಟ್ಟಿತು. ಹೊಗಳುವವರು ಬಹಳ ಜನ ಇದ್ದರು. ಅಲ್ಲಿಗೆ ನೀನೂ ಬರುತ್ತೀಯೇನೋ ಎಂದು ಕೇಳಿದ್ದು ಅದಕ್ಕೇ. ನನ್ನ ಹೊಸ ಅಂಗಡಿಯನ್ನು ನಿನಗೆ ತೋರಿಸುವ ಆಸೆ.

ಸವೆದ ಒರಳು ನಾನೇ.

ನಿನ್ನ ಕಾಗದ ಓದುವಾಗ ಆ ಹೆಸರು ಬಂದ ಕೂಡಲೇ ಮೈಸುಯ್ ನಿಲ್ಲಿಸಿದಳು. ಓದು ಅಂದೆ. ಓದಿದಳು. ಆಮೇಲೆ ಎದ್ದು ಹೋಗಿ ಕಂಪ್ಯೂಟರ್ ಆರಿಸಿದಳು.

ನಿನ್ನ ಮೊದಲ ಕಾಗದ ಮೇಜಿನ ಮೇಲೇ ಇತ್ತು, ನಾಡಿ ಸಿಗದ ರೋಗಿ ಎಂದು. ಅದೇ ಮೇಜಿನ ಮೇಲೆ ಕಟ್ಟೆಯಲ್ಲೂ ನಾಡಿ ಸಿಗದ ರೋಗಿ. ಒಂದರ ಪಕ್ಕ ಒಂದನ್ನು ಇಟ್ಟು ನೋಡಲಿಲ್ಲ. ಒಂದು ಕಡೆ ಗುರುವಾಗಿದ್ದೆ, ಇನ್ನೊಂದು ಕಡೆ ಒರಳಾಗಿದ್ದೆ.

ಕೈ ತಿರುಗಿಸಿ ನೋಡಿದೆಯಾ ಎಂದು ನಾನು ಯಾಕೆ ಕೇಳಲಿಲ್ಲ? ಒಂದು ತಿಂಗಳು ಇದನ್ನೇ ಯೋಚಿಸಿದೆ. ಐವತ್ತು ವರ್ಷದಲ್ಲಿ ನಾಡಿ ಸಿಗದ ಕೈ ಬಂದಾಗಲೆಲ್ಲ ನನ್ನ ಬೆರಳು ತಾನೇ ಹಿಂಬದಿಗೆ ಹೋಗಿ ಹುಡುಕುತ್ತಿತ್ತು. ನಾನು ಹೇಳಿ ಕಳಿಸುತ್ತಿರಲಿಲ್ಲ. ಆ ಪ್ರಶ್ನೆ ನನ್ನ ತಲೆಯಲ್ಲಿ ಇರಲೇ ಇಲ್ಲ ಮಗಳೇ, ಬೆರಳಲ್ಲಿತ್ತು. ಬೆರಳು ಸತ್ತಾಗ ಅದೂ ಸತ್ತಿತು. ಹೋದದ್ದು ನನಗೇ ಗೊತ್ತಾಗಲಿಲ್ಲ.

ಇನ್ನು ನನ್ನನ್ನು ಗುರು ಎನ್ನಬೇಡ.

ಫಾನ್ ಶೌರೆನ್

*

ಶಾಂಗ್‌ಪಿಂಗ್
6 ಫೆಬ್ರವರಿ 2007

ಪೂಜ್ಯ ಗುರುಗಳಿಗೆ,

ಎನ್ನುತ್ತೇನೆ. ಏನು ಮಾಡುತ್ತೀರಿ?

ನಿಮ್ಮ ಕಾಗದ ಓದಿ ಒಂದು ದಿನ ಸಿಟ್ಟು ಬಂತು. ಎರಡನೇ ದಿನ ಅಳು ಬಂತು. ಮೂರನೇ ದಿನ ತ್ಸೈಯೆಗೆ ಎಲ್ಲ ಹೇಳಿಬಿಟ್ಟೆ. ಹೇಳಬೇಕಾದದ್ದು ಅವಳಿಗೆ, ಕ್ಷಮಿಸಬೇಕಾದವಳೂ ಅವಳು. ಅವಳು ಆಲೂಗಡ್ಡೆ ಸುಲಿಯುತ್ತಲೇ ಕೇಳಿದಳು. ಆಮೇಲೆ, "ಆ ತಾತ ಒಂದು ಕೈಯಲ್ಲಿ ಊಟ ಹೇಗೆ ಮಾಡ್ತಾರೆ?" ಎಂದಳು. ನನಗೆ ಅದನ್ನು ಕೇಳಬೇಕೆಂದೇ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಪಾಂಗ್ ಅಜ್ಜಿ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. "ಅವನನ್ನ ಇಲ್ಲಿಗೆ ಕರೆಸು. ಎದುರಿಗೆ ಕೂರಿಸಿ ಬೈದು ಆಮೇಲೆ ಊಟ ಹಾಕ್ತೀನಿ. ಬೈಗುಳಾನೂ ಕಾಗದದಲ್ಲಿ ಕಳಿಸೋಕಾಗತ್ತಾ?" ಎಂದಳು.

ತಪ್ಪು ನಿಮ್ಮೊಬ್ಬರದಲ್ಲ. ನೀಲಿ ಪ್ಲಾಸ್ಟಿಕ್ ನನ್ನ ಕಿಟಕಿಯದು. ಊರು ಹೇಳದೆ ಬಚ್ಚಿಟ್ಟವಳು ನಾನು. ನಾಡಿ ಸಿಗಲಿಲ್ಲ ಎಂದು ನಾನು ಬರೆದೆ, ನೀವು ನಂಬಿದಿರಿ. ಅಂಗೈ ಮೇಲೆ ಮಾಡಿ ಹುಡುಕಿದ್ದೇನೆ, ಬೇರೆಲ್ಲೂ ಹುಡುಕಿಲ್ಲ ಎಂದು ಬರೆಯಬೇಕಿತ್ತು. ನೋಡದ್ದನ್ನು ಯಾರು ತಾನೇ ಬರೆಯುತ್ತಾರೆ?

ಈಗ ಕೇಳಿ. ತ್ಸೈಯೆಯ ನಾಡಿಯನ್ನು ನಾನು ವಾರಕ್ಕೆರಡು ಸಲ ನೋಡುತ್ತೇನೆ. ಹಿಂಬದಿಯ ನಾಡಿ ಬೇರೆಯೇ ಭಾಷೆ. ಎಲ್ಲಿ ಹೃದಯ, ಎಲ್ಲಿ ಮೂತ್ರಪಿಂಡ, ಯಾವ ಬೆರಳಿಗೆ ಯಾವುದು, ನನಗೆ ಒಂದೂ ತಿಳಿಯುತ್ತಿಲ್ಲ. ನಿಮ್ಮ ಬಲಗೈ ಇದ್ದಿದ್ದರೂ ತಡಕಾಡುತ್ತಿತ್ತು. ಈ ಕೈಯ ಮುಂದೆ ನನ್ನ ಬೆರಳೂ ಒಂದನೇ ತರಗತಿ, ನಿಮ್ಮ ಎಡಗೈಯೂ ಒಂದನೇ ತರಗತಿ. ಒಂದೇ ಬೆಂಚಿನಲ್ಲಿ ಕೂತು ಕಲಿಯೋಣ. ಏಪ್ರಿಲ್‌ನಲ್ಲಿ ರಸ್ತೆ ಒಣಗುತ್ತದೆ. ರೈಲು ಇಳಿಯುವಲ್ಲಿಗೆ ತ್ಸೈಯೆಯ ಗಂಡ ಟ್ರಾಕ್ಟರ್ ತರುತ್ತಾನೆ.

ಈ ತಿಂಗಳ ಹೊಸ ವರ್ಷದ ಹಬ್ಬಕ್ಕೆ ಎರಡು ಜೊತೆ ಕಾಲುಚೀಲ ಕಳಿಸಿದ್ದೇನೆ. ಒಂದು ಕೈಯಲ್ಲಿ ಹಾಕಿಕೊಳ್ಳಲು ಆಗುವಷ್ಟು ಸಡಿಲ.

ಸುಯುನ್

*

ಶಿಕೌ
1 ಮಾರ್ಚ್ 2007

ಸುಯುನ್,

ಮೈಸುಯ್ ಟಿಕೆಟ್ ತೆಗೆಸಿದ್ದಾಳೆ. ಏಪ್ರಿಲ್ ಆರಕ್ಕೆ ಹೊರಡುತ್ತೇನೆ. ಆ ಅಜ್ಜಿಯ ಕೋಲು ಎಷ್ಟು ಉದ್ದವಿದೆ, ಮೊದಲೇ ತಿಳಿಸು.

ಎಡಗೈಯಲ್ಲಿ ಮೈಸುಯ್ ನಾಡಿ ದಿನಾ ಹಿಡಿಯುತ್ತಿದ್ದೇನೆ. ನಿನ್ನೆ ಮೊದಲ ಸಲ, ಇವಳು ಬೆಳಿಗ್ಗೆ ಏನೂ ತಿಂದಿಲ್ಲ ಅನಿಸಿತು. ಕೇಳಿದೆ. ಹೌದಂತೆ. ತಾಲೀಮು ಎಂದರೆ ಇಷ್ಟೇ ಇದೆ ಈಗ.

ಫಾನ್

*

ಶಿಕೌ
4 ಮೇ 2007

ಮಗಳೇ ಸುಯುನ್,

ಊರು ತಲುಪಿ ಐದು ದಿನ. ಕಿವಿಯಲ್ಲಿ ಇನ್ನೂ ಟ್ರಾಕ್ಟರ್ ಓಡುತ್ತಿದೆ. ಪಾಂಗ್ ಅಜ್ಜಿಯ ಬೈಗುಳ ಒಂದು ಗಂಟೆ, ಹುಳಿಗಂಜಿ ಮೂರು ವಾರ. ಎರಡಕ್ಕೂ ನಾನು ಋಣಿ.

ಎದುರಿಗೆ ಹೇಳಲಾರದ್ದನ್ನು ಬರೆಯುತ್ತೇನೆ. ಮೊದಲ ದಿನ ತ್ಸೈಯೆ ಕೈ ಚಾಚಿದಾಗ ನಾನು ಮುಟ್ಟಲಿಲ್ಲ, ಟೀ ಕೇಳಿದೆ. ಎರಡನೇ ದಿನವೂ ಟೀ ಕೇಳಿದೆ. ಮೂರನೇ ದಿನ ಅವಳೇ ನನ್ನ ಎಡಗೈ ಹಿಡಿದು ತನ್ನ ಮಣಿಕಟ್ಟಿನ ಹಿಂದೆ ಇಟ್ಟುಕೊಂಡು, "ತಾತಾ, ನಿಮ್ಮ ಕೈ ತಣ್ಣಗಿದೆ. ನನಗಿಂತ ನಿಮಗೇ ಶೀತ" ಎಂದಳು. ನೀವೆಲ್ಲ ನಕ್ಕಿರಿ. ಆ ನಗುವಿನ ನಡುವೆ ನನಗೆ ನಾಡಿ ಸಿಕ್ಕಿತು. ನೀನು ನೋಡಿದೆ, ನೋಡಿ ಟೀ ಸೋಸಲು ಹೋದೆ. ಒಳ್ಳೆಯದು ಮಾಡಿದೆ.

ಕಟ್ಟೆಗೆ ನಾನು ಈಗಲೂ ಹೋಗುತ್ತೇನೆ. ಬಿಡಬೇಕೆಂದಿದ್ದೆ. ನೀನೇ ಬಿಡಬೇಡಿ ಎಂದೆ. ದೂರದ ಬೆಟ್ಟಗಳಲ್ಲಿ ಒಬ್ಬಂಟಿಯಾಗಿರುವ ಹುಡುಗ ಹುಡುಗಿಯರಿಗೆ ಅದು ಬೇಕು ಎಂದೆ. ನಿನ್ನ ಮಾತು ಸರಿ. ಆದರೆ ಸವೆದ ಒರಳು ಇನ್ನು ಮದ್ದು ಹೇಳುವುದಿಲ್ಲ, ಪ್ರಶ್ನೆ ಮಾತ್ರ ಕೇಳುತ್ತದೆ. ಊರು ಎಷ್ಟು ಎತ್ತರ? ಕಿಟಕಿಯ ಬಣ್ಣ ಯಾವುದು? ಮನೆಯ ಮುದುಕಿ ಏನೆನ್ನುತ್ತಾಳೆ? ಕೆಲವರಿಗೆ ಕೋಪ ಬಂದಿದೆ. ಮೊದಲು ಹುಲಿಯಂತಿದ್ದವನು ಈಗ ಜನಗಣತಿಯವನಾಗಿದ್ದಾನೆ ಎಂದು ಒಬ್ಬ ಬರೆದಿದ್ದಾನೆ. ಮೈಸುಯ್ ಅದನ್ನು ಓದಿ ಓದಿ ನಗುತ್ತಾಳೆ. ಮೊನ್ನೆ ಯುನ್ನಾನ್‌ನ ಒಬ್ಬ ಹುಡುಗ ಬರೆದಿದ್ದ: "ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೊಮ್ಮೆ ರೋಗಿಯ ಮನೆಗೆ ಹೋದೆ. ಹೋದ ಮೇಲೆ ನಿಮ್ಮನ್ನು ಕೇಳುವ ಅಗತ್ಯ ಉಳಿಯಲಿಲ್ಲ." ನನಗೆ ಇಷ್ಟು ವರ್ಷದಲ್ಲಿ ಸಿಕ್ಕ ದೊಡ್ಡ ಬಿರುದು ಅದೇ.

ತ್ಸೈಯೆಗೆ ದಿನ ತುಂಬಿದೆ. ನನ್ನ ಲೆಕ್ಕದಲ್ಲಿ ಇನ್ನು ಒಂದು ವಾರ. ಇದು ಎಡಗೈಯ ಲೆಕ್ಕ, ತಪ್ಪಿದರೆ ನಗಬೇಡ.

ಫಾನ್ ಶೌರೆನ್

*

ಶಾಂಗ್‌ಪಿಂಗ್
10 ಮೇ 2007

ಪೂಜ್ಯ ಗುರುಗಳೇ,

ಎಡಗೈ ಮೂರು ದಿನ ತಪ್ಪಿತು. ಮೊನ್ನೆ, ಎಂಟನೇ ತಾರೀಖು ಮಧ್ಯಾಹ್ನ, ತಾಲ್ಲೂಕು ಆಸ್ಪತ್ರೆಯಲ್ಲಿ ಹೆಣ್ಣುಮಗು. ಆರೂವರೆ ಜಿನ್ ತೂಕ. ಮೂರೂಕಾಲು ಕಿಲೋ ಎಂದು ನರ್ಸ್ ಹೇಳಿದರೆ ಅಜ್ಜಿ ಒಪ್ಪಲಿಲ್ಲ. ಕಿಲೋ ಲೆಕ್ಕದಲ್ಲಿ ಮಗು ಸಣ್ಣದಾಯಿತಂತೆ. ತಾಯಿ ಚೆನ್ನಾಗಿದ್ದಾಳೆ. ತಂದೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಅತ್ತ. ಅವನ ಒಂದು ಕಾಲುಚೀಲ ಕಪ್ಪು, ಒಂದು ಕಂದು.

ಹೆರಿಗೆಗೆ ಮೊದಲು ಒಬ್ಬ ಹೊಸ ನರ್ಸ್ ನಾಡಿ ಹುಡುಕಿ ಸಿಗದೆ ಬಿಳಿಚಿಕೊಂಡು ಡಾಕ್ಟರನ್ನು ಕೂಗಲು ಓಡಿದಳು. ಅಷ್ಟು ನೋವಿನಲ್ಲೂ ತ್ಸೈಯೆ ಕೂಗಿ ಕರೆದಳು: "ಏ ತಂಗೀ, ಓಡಬೇಡ! ಕೈ ಹಿಂದುಗಡೆ ಮುಟ್ಟು, ಅಲ್ಲಿದ್ದೀನಿ ನಾನು."

ಮಗುವಿನ ಕೈ ನೋಡಿದೆ. ಅಕ್ಕಿಕಾಳಿನಷ್ಟು ಬೆರಳು. ನಾಡಿ ಯಾವ ಬದಿಯಲ್ಲಿದೆಯೋ ಇನ್ನೂ ತಿಳಿಯದು. ನಾನು ಮುಟ್ಟಿದರೆ ನನ್ನ ಬೆರಳನ್ನೇ ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ. ನೀವೇ ಬಂದು ನೋಡಬೇಕು. ಇದನ್ನು ಕಾಗದದಲ್ಲಿ ಬರೆಯಲು ಆಗುವುದಿಲ್ಲ.

ನಿಮ್ಮ ಶಿಷ್ಯೆ,
ಸುಯುನ್

*

ಡಾಕ್ಟರು ಓದು ಮುಗಿಸಿದಾಗ ಕಡುಬು ಆರಿಹೋಗಿತ್ತು. ಆಗ ನಮ್ಮ ಏಳೂ ಜನರ ಜೇಬಿನಲ್ಲಿ ಫೋನ್ ಇತ್ತು. ನಾನಂತೂ ಸಾಂಗ್‌ಯಾನ್ ಹಳ್ಳಿಯ ಒಬ್ಬ ಅಜ್ಜಿಯ ಕೆಮ್ಮಿನ ಬಗ್ಗೆ ಹಿಂದಿನ ದಿನವೇ ವೈದ್ಯರ ಗುಂಪಿನಲ್ಲಿ ಬರೆದು, ಬಂದ ಹನ್ನೊಂದು ಉತ್ತರಗಳಲ್ಲಿ ಯಾವುದು ಚೆಂದ ಎಂದು ಆರಿಸುತ್ತಿದ್ದೆ.

ಮಾರನೆಯ ಬೆಳಿಗ್ಗೆ ಉಳಿದ ಆರು ಜನ ಹೊರರೋಗಿಗಳ ಕೋಣೆಗೆ ಹೋದರು. ಅಲ್ಲಿ ಹಲ್ಲುನೋವೆಂದು ಬಂದಿದ್ದ ಒಬ್ಬ ರೈತನ ಕೈಯನ್ನು ಆರೂ ಜನ ಒಬ್ಬರಾದ ಮೇಲೆ ಒಬ್ಬರು ಮಗುಚಿ ನೋಡಿದರಂತೆ. ಆತ ಕೊನೆಗೆ, "ಹಲ್ಲು ಇಲ್ಲಿ ಮೇಲಿದೆ ಕಣ್ರಪ್ಪಾ" ಎಂದನಂತೆ.

ನಾನು ಮೊದಲ ಬಸ್ಸು ಹಿಡಿದು ಸಾಂಗ್‌ಯಾನಿಗೆ ಹೋದೆ. ಇಳಿದು ಹಿಮದಲ್ಲಿ ಮುಕ್ಕಾಲು ಗಂಟೆ ನಡೆದೆ. ಅಜ್ಜಿ ಬಾಗಿಲು ತೆಗೆದು, ಕೆಮ್ಮಿ, ಸೊಂಟಕ್ಕೆ ಕೈ ಇಟ್ಟು ನಿಂತಳು.

"ಎಲ್ಲಾ ಫೋನಿನಲ್ಲೇ ಬರೆದ್ಕೊಂಡಿದ್ದೆಯಲ್ಲಪ್ಪಾ, ಮತ್ತೇನು ಉಳೀತು ಅಂತ ಬಂದೆ?"

"ಇನ್ನೂ ಗೊತ್ತಿಲ್ಲಜ್ಜೀ," ಎಂದೆ. "ಮೊದಲು ಒಲೆ ಹತ್ರ ಕೂರೋಕೆ ಬಿಡು. ಬೆರಳು ಬೆಚ್ಚಗಾಗ್ಲಿ."